ರಕ್ತ ಹರಿದರಷ್ಟೇ ಸಾಕೆ?

ಬೈಪಾಸ್ ಎಂದ ಕೂಡಲೇ ನಮ್ಮವರ ಕೈ ಎದೆಯ ಮೇಲೆ ಹೋಗುತ್ತದೆ. ಕಟ್ಟಿಕೊಂಡ ರಕ್ತನಾಳವನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ದಾರಿ ಹೊಲಿಯುವ ಈ ವಿದ್ಯೆ ಹೃದಯಕ್ಕಿಂತ ಮೊದಲು ಕೈಗೂಡಿದ್ದು ಕಾಲಿನಲ್ಲಿ. 1948ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಝಾಂ ಕುನ್ಲಿನ್ ರೋಗಿಯ ಕಾಲಿನದೇ ಒಂದು ಅಭಿಧಮನಿಯನ್ನು ಬಿಡಿಸಿ ತೆಗೆದು, ಅದನ್ನು ತಲೆಕೆಳಗು ಮಾಡಿ, ಅಡಚಣೆಯ ಮೇಲೊಂದು ಕಡೆ ಕೆಳಗೊಂದು ಕಡೆ ಅಪಧಮನಿಗೆ ಹೊಲಿದರು. ತಲೆಕೆಳಗು ಮಾಡಿದ್ದಕ್ಕೆ ಕಾರಣವಿದೆ. ಅಭಿಧಮನಿಯೊಳಗೆ ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುವ ಪುಟ್ಟ ಕವಾಟಗಳಿರುತ್ತವೆ. ಇದ್ದಂತೆಯೇ ಹೊಲಿದರೆ ಪಾದದ ಕಡೆಗೆ ಹೋಗುವ ರಕ್ತಕ್ಕೆ ಅವೇ ಅಡ್ಡ ನಿಲ್ಲುತ್ತವೆ. ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೊರೊ ಇದೇ ಕಾಲಿನ ನಾಳವನ್ನು ಹೃದಯಕ್ಕೆ ಬಳಸಿದ್ದು 1967ರಲ್ಲಿ, ಅಂದರೆ ಸುಮಾರು ಎರಡು ದಶಕದ ಮೇಲೆ.

ಈಗ ಹೊಲಿಗೆಯ ದಾರ ಕೂದಲಿಗಿಂತ ನವಿರಾಗಿದೆ. ಡೇಕ್ರಾನ್ ಬಟ್ಟೆಯ, ಟೆಫ್ಲಾನ್ ಜಾತಿಯ ಕೃತಕ ನಾಳಗಳು ಬಂದಿವೆ. ಆದರೂ ಕಾಲಿನ ಬೈಪಾಸ್ ಮಾಡಿಸಿದರೆ ಏನಾಗುತ್ತದೆ ಎಂದು ಕೇಳಿದವರಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ ಧಾಟಿಯದು: ಗ್ರಾಫ್ಟ್, ಅಂದರೆ ಹೊಲಿದ ನಾಳ, ತೆರೆದಿದೆ ಅಥವಾ ಮುಚ್ಚಿದೆ, ರಕ್ತ ಹರಿಯುತ್ತಿದೆ ಅಥವಾ ಇಲ್ಲ. ಈ ಅಳತೆ ಬೇಕು, ಆದರೆ ಇದೊಂದೇ ಸಾಲದು. ಆ ಕಾಲನ್ನು ಹೊತ್ತ ಮನುಷ್ಯ ವರ್ಷದ ಮೇಲೆ ಎಲ್ಲಿದ್ದಾನೆ, ನಡೆಯುತ್ತಿದ್ದಾನೆಯೇ, ಗಾಯ ಮುಚ್ಚಿದೆಯೇ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಈ ಶಸ್ತ್ರಚಿಕಿತ್ಸೆಯನ್ನು ಹೊಗಳುವುದೂ ಸರಿಯಲ್ಲ, ಹಳೆಯ ಕಾಲದ್ದೆಂದು ತಳ್ಳುವುದೂ ಸರಿಯಲ್ಲ.

ಮೊದಲು ಯಾರ ಕಾಲಿನ ಮಾತು ಎಂಬುದನ್ನು ಬಿಡಿಸಿಕೊಳ್ಳಬೇಕು. ಇದರಲ್ಲಿ ಎರಡು ಜಾತಿಯ ರೋಗಿಗಳಿದ್ದಾರೆ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಒಬ್ಬರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ವಯಸ್ಸಾಯಿತು, ವಾಯು ಎಂದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುವವರು ಇವರು. ಇವರ ಕಾಲಿಗೆ ಹೋಗುವ ಅಪಧಮನಿ ಕಿರಿದಾಗಿದೆ ನಿಜ, ಆದರೆ ಐದು ವರ್ಷದಲ್ಲಿ ಕಾಲು ಕಳೆದುಕೊಳ್ಳುವವರು ಇವರಲ್ಲಿ ನೂರಕ್ಕೆ ಒಬ್ಬರಿಂದ ಮೂವರು ಮಾತ್ರ. ಇಂಥವರನ್ನು ಹೆದರಿಸಿ ಆಪರೇಷನ್ ಟೇಬಲ್ಲಿಗೆ ಕರೆದೊಯ್ಯುವುದು ನನ್ನ ಮಟ್ಟಿಗೆ ಅಪಚಾರ. ಬೀಡಿ ಸಿಗರೇಟು ಬಿಡುವುದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ನೋವು ಬರುವ ತನಕ ನಡೆದು ನಿಂತು ಮತ್ತೆ ನಡೆಯುವ ತಿಂಗಳುಗಟ್ಟಲೆಯ ಅಭ್ಯಾಸ, ಇಷ್ಟರಲ್ಲೇ ಬಹಳಷ್ಟು ಜನರ ನಡಿಗೆಯ ದೂರ ಹೆಚ್ಚುತ್ತದೆ. ಇವರ ನಿಜವಾದ ಅಪಾಯ ಇರುವುದು ಹೃದಯದಲ್ಲಿ, ಮೆದುಳಿನಲ್ಲಿ. ಕಾಲಿನ ನಾಳ ಕಟ್ಟಿದೆಯೆಂದರೆ ಅಲ್ಲಿಯವೂ ಕಟ್ಟುತ್ತಿವೆ ಎಂದರ್ಥ.

ಇನ್ನೊಂದು ಜಾತಿಯವರ ಕಥೆ ಬೇರೆ. ಮಲಗಿದರೂ ಪಾದ ಉರಿ, ರಾತ್ರಿ ಮಂಚದಿಂದ ಕಾಲು ಕೆಳಗಿಳಿಬಿಟ್ಟು ಕೂರಬೇಕು. ಹೆಬ್ಬೆರಳು ಕಪ್ಪಾಗಿದೆ. ಹೊಸ ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ರಕ್ತ ಹರಿಸುವ ಯಾವ ಚಿಕಿತ್ಸೆಯೂ ಇಲ್ಲದೆ ಬಿಟ್ಟರೆ ಇವರಲ್ಲಿ ಸುಮಾರು ಕಾಲು ಭಾಗದಷ್ಟು ಜನ ಒಂದು ವರ್ಷದೊಳಗೆ ಕಾಲು ಕಳೆದುಕೊಳ್ಳುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಜನ ಸಾಯುತ್ತಾರೆ ಎಂಬುದು ವೈದ್ಯಲೋಕ ಬಹುಕಾಲದಿಂದ ಹೇಳುತ್ತ ಬಂದ ಅಂದಾಜು. ಬೈಪಾಸ್ ಎಂಬುದು ನಿಜವಾಗಿ ಇವರ ಚಿಕಿತ್ಸೆ. ಇನ್ನು ಮುಂದಿನ ಮಾತೆಲ್ಲ ಇವರದೇ.

ಇವರಿಗೆ ಬೈಪಾಸ್ ಮಾಡಿದರೆ ಏನಾಗುತ್ತದೆ? ಸ್ವಂತ ಅಭಿಧಮನಿ ಬಳಸಿ ಬೈಪಾಸ್ ಆದ 1404 ಜನರನ್ನು ಹಿಂಬಾಲಿಸಿದ ಅಮೆರಿಕ, ಕೆನಡಾದ ದೊಡ್ಡ ಅಧ್ಯಯನವೊಂದು 2006ರಲ್ಲಿ ಹೊರಬಂತು. ಅದು ಗ್ರಾಫ್ಟ್ ಕಟ್ಟದಂತೆ ಮಾಡುವ ಒಂದು ಔಷಧಿಯ ಪರೀಕ್ಷೆಗೆ ನಡೆದದ್ದು. ಔಷಧಿ ಸೋತಿತು, ಆದರೆ ಜೊತೆಗೆ ಸಿಕ್ಕ ಲೆಕ್ಕ ಬೆಲೆಯುಳ್ಳದ್ದು. ಮೊದಲ ತಿಂಗಳಲ್ಲಿ ತೀರಿಕೊಂಡವರು ನೂರಕ್ಕೆ ಮೂವರಿಗಿಂತ ಕಡಿಮೆ. ವರ್ಷದ ಕೊನೆಗೆ ಬದುಕಿದ್ದವರು 84. ಕಾಲು ಉಳಿದದ್ದು ನೂರಕ್ಕೆ 88 ಜನರಿಗೆ. ಆದರೆ ಮತ್ತೆ ಕೈ ಹಾಕದೆ ತಾನಾಗಿ ತೆರೆದುಕೊಂಡೇ ಇದ್ದ ಗ್ರಾಫ್ಟುಗಳು 61 ಮಾತ್ರ. ರಿಪೇರಿ ಮಾಡಿ ಉಳಿಸಿಕೊಂಡವನ್ನೂ ಸೇರಿಸಿದರೆ 80.

ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಗ್ರಾಫ್ಟ್ ಮುಚ್ಚಿದರೂ ಕೆಲವರ ಕಾಲು ಉಳಿದಿದೆ. ಯಾಕೆಂದರೆ ಆ ಕೆಲವು ತಿಂಗಳ ರಕ್ತದಲ್ಲೇ ಗಾಯ ಮಾಗಿತು, ಮಾಗಿದ ಚರ್ಮವನ್ನು ಕಾಪಾಡಿಕೊಳ್ಳಲು ಕಡಿಮೆ ರಕ್ತ ಸಾಕು. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಗ್ರಾಫ್ಟ್ ಚೆನ್ನಾಗಿ ಬಡಿಯುತ್ತಿರುವಾಗಲೇ ಸೋಂಕು ಏರಿ ಕಾಲು ತೆಗೆಯಬೇಕಾಗುತ್ತದೆ. ಹಾಗಾಗಿ ನಾಳದ ಭವಿಷ್ಯ ಬೇರೆ, ಕಾಲಿನ ಭವಿಷ್ಯ ಬೇರೆ. ಮನುಷ್ಯನ ಭವಿಷ್ಯವಂತೂ ಇನ್ನೂ ಬೇರೆ.

ಈ ಮೂರನೆಯದನ್ನು ನೇರವಾಗಿ ಕೇಳಿದವರು ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಶಸ್ತ್ರವೈದ್ಯರು. ಕಾಲು ಉಳಿಸಲೆಂದು ಬೈಪಾಸ್ ಮಾಡಿಸಿಕೊಂಡ 112 ರೋಗಿಗಳ ಕಥೆಯನ್ನು ಅವರು 1998ರಲ್ಲಿ ಪ್ರಕಟಿಸಿದರು. ಅವರ ಪ್ರಶ್ನೆ ಮನೆಯವರು ಕೇಳುವಂಥದ್ದೇ: ಆಪರೇಷನ್ ತೊಂದರೆಯಿಲ್ಲದೆ ಆಯಿತೇ, ಗಾಯಗಳೆಲ್ಲ ಮಾಗಿದವೇ, ನೋವು ಹೋಯಿತೇ, ಮತ್ತೆ ಟೇಬಲ್ ಹತ್ತುವ ಪ್ರಸಂಗ ಬರಲಿಲ್ಲವೇ? ಎಲ್ಲಕ್ಕೂ ಒಳ್ಳೆಯ ಉತ್ತರ ಸಿಕ್ಕಿದ್ದು 16 ಜನರಲ್ಲಿ. ನೂರಕ್ಕೆ 14. ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಗಾಯಗಳು ಮಾಗಲು ಸರಾಸರಿ ನಾಲ್ಕು ತಿಂಗಳು ದಾಟಿತು.

ನಾಲ್ಕು ತಿಂಗಳು ಎಂದು ಓದಿ ಮುಂದೆ ಹೋಗುವುದು ಸುಲಭ. ಅದು ಮನೆಯಲ್ಲಿ ಹೇಗಿರುತ್ತದೆ ಎಂದು ನೋಡಿ. ನಾಳ ತೆಗೆಯಲು ತೊಡೆಸಂದಿನಿಂದ ಮಂಡಿಯ ಕೆಳಗಿನ ತನಕ ಕೊಯ್ದ ಉದ್ದನೆಯ ಗಾಯ, ಅದರ ಅಂಚಿನಲ್ಲಿ ನೀರೊಸರುವುದು. ಸಂಜೆಯಾದರೆ ಬಾತುಕೊಳ್ಳುವ ಪಾದ. ತೆಗೆದುಹಾಕಿದ ಬೆರಳಿನ ಜಾಗದ ಹಸಿ ಗುಳಿಗೆ ದಿನ ಬಿಟ್ಟು ದಿನ ಡ್ರೆಸ್ಸಿಂಗು. ಡ್ರೆಸ್ಸಿಂಗ್ ಮಾಡಿಸಲು ತಾಲ್ಲೂಕು ಆಸ್ಪತ್ರೆಗೆ ಆಟೋ, ಜೊತೆಗೆ ಕೆಲಸ ಬಿಟ್ಟು ಬರುವ ಒಬ್ಬ ಮಗ ಅಥವಾ ಸೊಸೆ. ಆಯುಷ್ಮಾನ್ ಭಾರತ್‌ನಂಥ ಯೋಜನೆಗಳು ಆಸ್ಪತ್ರೆಗೆ ಸೇರಿಸಿಕೊಂಡು ಮಾಡುವ ಚಿಕಿತ್ಸೆಯ ಸುತ್ತ ಹೆಣೆದವು. ಈ ತಿಂಗಳುಗಳ ಕೂಲಿ ನಷ್ಟ, ಆಟೋ ಬಾಡಿಗೆ ಮನೆಯ ಲೆಕ್ಕಕ್ಕೇ ಬೀಳುತ್ತದೆ. ಸಹಿ ಹಾಕಿಸಿಕೊಳ್ಳುವ ಮೊದಲು ಇದನ್ನು ಹೇಳದಿದ್ದರೆ ಮನೆಯವರಿಗೆ ಆಪರೇಷನ್ ಕೆಟ್ಟಿತೆಂದೇ ಅನ್ನಿಸುತ್ತದೆ. ಎಷ್ಟೋ ಸಲ ಕೆಟ್ಟಿರುವುದಿಲ್ಲ, ಅದರ ಹಾದಿಯೇ ಹಾಗಿರುತ್ತದೆ.

ಶಸ್ತ್ರವೈದ್ಯರು ಇದಕ್ಕೆ ಕೊಡುವ ಉತ್ತರವನ್ನೂ ಕೇಳಬೇಕು. ಅವರು ಹೇಳುತ್ತಾರೆ: ನಮ್ಮ ಕೈಗೆ ಬರುವುದು ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ, ಹೃದಯ ಕಿಡ್ನಿ ಎರಡೂ ಬಳಲಿದ ದೇಹ. ಅದನ್ನು ಇಪ್ಪತ್ತರ ಹುಡುಗನ ಮೂಳೆ ಮುರಿತದ ಜೊತೆ ಹೋಲಿಸಿ ಆದರ್ಶ ಫಲಿತಾಂಶ ಕೇಳಿದರೆ ನ್ಯಾಯವಲ್ಲ. ಹೋಲಿಸಬೇಕಾದದ್ದು ಕಾಲು ತೆಗೆಸಿಕೊಂಡವರ ಜೊತೆ. ಈ ಮಾತಿಗೆ ತೂಕವಿದೆ. ಕಾಲು ತೆಗೆದರೆ ಎಲ್ಲ ಮುಗಿಯಿತು, ಜೈಪುರ ಕಾಲು ಹಾಕಿಸಿದರಾಯಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1960ರ ದಶಕದ ಕೊನೆಗೆ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ರೂಪಿಸಿದ ಆ ಕಾಲು ಲಕ್ಷಾಂತರ ಜನರನ್ನು ನಡೆಸಿದೆ, ಅದರ ಋಣ ದೊಡ್ಡದು. ಆದರೆ ಮಂಡಿಯ ಮೇಲೆ ಕತ್ತರಿಸಿಕೊಂಡ, ಎದೆಯಲ್ಲಿ ಬಲವಿಲ್ಲದ ಎಪ್ಪತ್ತೈದರ ಮುದುಕರಲ್ಲಿ ಅನೇಕರು ಕೃತಕ ಕಾಲು ಕಟ್ಟಿ ನಡೆಯುವ ಹಂತಕ್ಕೆ ಬರುವುದೇ ಇಲ್ಲ. ಹಾಗಾಗಿ ಅಪೂರ್ಣವಾದ ಬೈಪಾಸ್ ಕೂಡ ಎಷ್ಟೋ ಜನರಿಗೆ ಕಡಿಮೆ ಕೆಟ್ಟ ದಾರಿ.

ಎಲ್ಲರಿಗೂ ಅಲ್ಲ. ಅಮೆರಿಕದ ವೃದ್ಧಾಶ್ರಮಗಳಲ್ಲಿ ಕಾಯಂ ಆಗಿದ್ದು, ಕಾಲಿಗೆ ರಕ್ತ ಹರಿಸುವ ಚಿಕಿತ್ಸೆ ಮಾಡಿಸಿಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ 2015ರ ಒಂದು ವರದಿಯ ಪ್ರಕಾರ ವರ್ಷದೊಳಗೆ ಅವರಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೊದಲೇ ನಡೆಯಲಾಗದೆ ಇದ್ದವರು ಆಮೇಲೆ ಎದ್ದು ನಡೆದದ್ದು ಅಪರೂಪ. ಹಾಸಿಗೆ ಹಿಡಿದು, ಮಂಡಿ ಮಡಚಿಯೇ ಬಿಗಿದುಹೋದ ತಾಯಿಗೆ ಏನಾದರೂ ಮಾಡಲೇಬೇಕು ಎಂದು ಹಟ ಹಿಡಿಯುವ ಮಕ್ಕಳ ಸಂಕಟ ಅರ್ಥವಾಗುತ್ತದೆ. ಆದರೆ ಆ ಹಟದ ನೋವು ಉಣ್ಣುವವಳು ತಾಯಿ. ಅಲ್ಲಿ ನೋವು ಇಳಿಸುವ ಉಪಚಾರವೋ ಒಂದೇ ಸಲ ಕಾಲು ತೆಗೆಯುವುದೋ ಹೆಚ್ಚು ಕರುಣೆಯ ಚಿಕಿತ್ಸೆಯಾಗಬಹುದು.

ಇನ್ನು ಕಟ್ಟಿದ ನಾಳವನ್ನು ಒಳಗಿನಿಂದಲೇ ಹಿಗ್ಗಿಸುವ ಬಲೂನಿನ ಮಾತು. ಇದೇ ಪೋರ್ಟ್‌ಲ್ಯಾಂಡಿನಲ್ಲಿ 1964ರ ಜನವರಿಯಲ್ಲಿ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್, ಕಾಲು ತೆಗೆಸಲು ಒಪ್ಪದ 82 ವರ್ಷದ ಮಹಿಳೆಯೊಬ್ಬರ ತೊಡೆಯ ಅಪಧಮನಿಯೊಳಗೆ ಕೊಳವೆ ತೂರಿಸಿ ಅಡಚಣೆಯನ್ನು ಒಳಗಿನಿಂದಲೇ ಅಗಲ ಮಾಡಿದರು. ಆಕೆಯ ನೋವು ಹೋಯಿತು, ಗಾಯ ಮಾಗಿತು, ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆಕೆ ತನ್ನ ಕಾಲ ಮೇಲೇ ನಡೆದಾಡಿದರು. ಆಂಜಿಯೋಪ್ಲಾಸ್ಟಿ ಹುಟ್ಟಿದ್ದೂ ಹೃದಯದಲ್ಲಲ್ಲ, ಕಾಲಿನಲ್ಲೇ. ಅಂದಿನಿಂದ ಇಂದಿನ ತನಕದ ವಾದ: ದೊಡ್ಡ ಕೊಯ್ತವೇ ಇಲ್ಲದೆ ಸೂಜಿಯ ತೂತಿನಲ್ಲಿ ಆಗುವ ಕೆಲಸಕ್ಕೆ ಬೈಪಾಸ್ ಯಾಕೆ?

ಈ ಪ್ರಶ್ನೆಗೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಉತ್ತರ ಹುಡುಕಿದ ಮೂರು ಪ್ರಯೋಗಗಳಿವೆ. ಬ್ರಿಟನ್ನಿನ ಬೇಸಿಲ್ ಪ್ರಯೋಗ (2005) 452 ಜನರದ್ದು. ಮೊದಲ ಎರಡು ವರ್ಷ ಎರಡೂ ಗುಂಪುಗಳಲ್ಲಿ ಹೆಚ್ಚಿನ ಅಂತರವಿಲ್ಲ. ಎರಡು ವರ್ಷ ದಾಟಿ ಬದುಕಿದವರಲ್ಲಿ ಬೈಪಾಸ್ ಮೇಲುಗೈ ಪಡೆಯಿತು. ಇದರಲ್ಲೇ ಹೆಚ್ಚು ಜನ ಗಮನಿಸದ ಒಂದು ಸಂಗತಿ ಹೊರಬಂತು: ಬಲೂನು ಸೋತ ಮೇಲೆ ಬೈಪಾಸ್ ಮಾಡಿಸಿಕೊಂಡವರ ಗತಿ, ಮೊದಲೇ ಬೈಪಾಸ್ ಮಾಡಿಸಿಕೊಂಡವರಿಗಿಂತ ಕೆಟ್ಟದಾಗಿತ್ತು. ಮೊದಲು ಬಲೂನು ನೋಡೋಣ, ಆಗದಿದ್ದರೆ ಬೈಪಾಸ್ ಇದ್ದೇ ಇದೆ ಎಂಬ ಮಾತು ಕೇಳಲು ಹಿತ, ಆದರೆ ಅದಕ್ಕೂ ಬೆಲೆ ತೆರಬೇಕಾಗಬಹುದು.

2022ರಲ್ಲಿ ಬಂದ ಬೆಸ್ಟ್–ಸಿಎಲ್‌ಐ ಇನ್ನೂ ದೊಡ್ಡದು, 1830 ರೋಗಿಗಳು. ಇದನ್ನು ಯೋಜಿಸಿದವರ ಜಾಣತನ ಒಂದು ಕಡೆ ಕಾಣುತ್ತದೆ. ಕಾಲಿನಲ್ಲಿ ಒಂದೇ ತುಂಡಾಗಿ ಒಳ್ಳೆಯ ಅಭಿಧಮನಿ ಇದ್ದವರನ್ನೂ ಇಲ್ಲದವರನ್ನೂ ಮೊದಲೇ ಬೇರೆ ಮಾಡಿದರು. ನಾಳ ಇದ್ದವರಲ್ಲಿ ಕಾಲು ತೆಗೆಯುವುದು, ದೊಡ್ಡ ಮರುಚಿಕಿತ್ಸೆ ಅಥವಾ ಸಾವು, ಇವುಗಳಲ್ಲಿ ಒಂದಾದರೂ ಆದದ್ದು ಬೈಪಾಸ್ ಗುಂಪಿನ ನೂರಕ್ಕೆ 42.6 ಜನರಿಗೆ, ಬಲೂನು–ಸ್ಟೆಂಟ್ ಗುಂಪಿನ 57.4 ಜನರಿಗೆ. ನಾಳ ಇಲ್ಲದವರಲ್ಲಿ ಎರಡಕ್ಕೂ ನಂಬಬಹುದಾದಷ್ಟು ಅಂತರ ಕಾಣಲಿಲ್ಲ.

ಬೈಪಾಸ್ ಪಕ್ಷದವರು ಸಂಭ್ರಮಿಸುವಷ್ಟರಲ್ಲಿ 2023ರಲ್ಲಿ ಬೇಸಿಲ್–2 ಬಂತು. 345 ರೋಗಿಗಳು, ಎಲ್ಲರಿಗೂ ಮಂಡಿಯ ಕೆಳಗಿನ ಸಣ್ಣ ನಾಳಗಳಲ್ಲಿ ಚಿಕಿತ್ಸೆ ಬೇಕಿದ್ದವರು. ಇಲ್ಲಿ ಕಾಲು ಕಳೆದುಕೊಂಡವರು ಅಥವಾ ಸತ್ತವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 63, ಬಲೂನು ಗುಂಪಿನಲ್ಲಿ 53. ಅಂತರ ಬಂದದ್ದು ಮುಖ್ಯವಾಗಿ ಸಾವುಗಳಿಂದ.

ಈ ಕೊನೆಯ ಎರಡೂ ಒಳ್ಳೆಯ ಪ್ರಯೋಗಗಳೇ, ಆದರೂ ಒಂದು ಎಡಕ್ಕೆ ಒಂದು ಬಲಕ್ಕೆ. ವೈದ್ಯರನ್ನೇ ನಂಬಬಾರದು ಎಂದು ಕೈ ಕೊಡವುವವರಿಗೆ ಇದೊಂದು ನೆಪವಾದೀತು. ಸರಿಯಾಗಿ ನೋಡಿದರೆ ಇವು ಬೇರೆ ಬೇರೆ ಪ್ರಶ್ನೆ ಕೇಳಿವೆ. ಬೆಸ್ಟ್–ಸಿಎಲ್‌ಐ ಮರುಚಿಕಿತ್ಸೆಯನ್ನೂ ಸೋಲೆಂದು ಎಣಿಸಿತು, ಬಲೂನು ಅಲ್ಲೇ ಹೆಚ್ಚು ಅಂಕ ಕಳೆದುಕೊಳ್ಳುತ್ತದೆ. ಬೇಸಿಲ್–2 ಕಾಲು ಮತ್ತು ಪ್ರಾಣ ಎರಡನ್ನೇ ಎಣಿಸಿತು, ನಾಳಗಳೂ ಹೆಚ್ಚು ಕೆಳಗಿನವು. ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಒಳ್ಳೆಯ ಅಭಿಧಮನಿ ಇದ್ದು, ಎರಡು ವರ್ಷಕ್ಕೂ ಮೀರಿ ಬದುಕುವ ಭರವಸೆ ಇರುವ, ಆಪರೇಷನ್ ತಡೆಯಬಲ್ಲ ದೇಹದವರ ಮುಂದೆ ಬೈಪಾಸ್ ಮಾತನ್ನೇ ಎತ್ತದಿರುವುದು ತಪ್ಪು. ದೇಹ ಬಳಲಿದ್ದರೆ, ನಾಳ ಇಲ್ಲದಿದ್ದರೆ, ಬಲೂನಿನಿಂದ ಶುರುಮಾಡುವುದು ವಿವೇಕ.

ಮತ್ತೆ ಮತ್ತೆ ಅಭಿಧಮನಿಯ ಮಾತಿಗೇ ಬರುತ್ತಿದ್ದೇನೆ. ಫಲಿತಾಂಶದ ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ. 1986ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಮಂಡಿಯ ಕೆಳಗಿನ ನಾಳಕ್ಕೆ ಹೊಲಿದ ಸ್ವಂತ ಅಭಿಧಮನಿಗಳಲ್ಲಿ ನೂರಕ್ಕೆ 49 ನಾಲ್ಕು ವರ್ಷದ ಮೇಲೂ ತೆರೆದಿದ್ದವು. ಟೆಫ್ಲಾನ್ ಜಾತಿಯ ಕೃತಕ ನಾಳಗಳಲ್ಲಿ 12 ಮಾತ್ರ. ಅಭಿಧಮನಿ ಚೆನ್ನಾಗಿದೆಯೇ ಎಂದು ನೋಡುವ ಪರೀಕ್ಷೆ ಕಷ್ಟದ್ದೂ ಅಲ್ಲ. ರೋಗಿಯನ್ನು ನಿಲ್ಲಿಸಿ ಅಥವಾ ಕಾಲು ಇಳಿಬಿಡಿಸಿ, ತೊಡೆಯ ಒಳಭಾಗದಲ್ಲಿ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಕಡ್ಡಿ ಓಡಿಸುತ್ತಾರೆ. ನಾಳ ಸಾಗಿದ ದಾರಿಯನ್ನು ಮಾರ್ಕರ್ ಪೆನ್ನಿನಲ್ಲಿ ಚರ್ಮದ ಮೇಲೆ ಗೆರೆ ಎಳೆಯುತ್ತಾರೆ, ಅಲ್ಲಲ್ಲಿ ಅಗಲ ಎಷ್ಟು ಮಿಲಿಮೀಟರ್ ಎಂದು ಬರೆಯುತ್ತಾರೆ. ತೀರಾ ಸಣ್ಣದಾಗಿದ್ದರೆ, ಗಂಟುಗಂಟಾಗಿ ಉಬ್ಬಿದ್ದರೆ ಅದು ಕೆಲಸಕ್ಕೆ ಬಾರದು. ಇಲ್ಲೊಂದು ವಿಪರ್ಯಾಸವೂ ಇದೆ. ಹೃದಯದ ಬೈಪಾಸ್ ಆದವರ ಕಾಲಿನಿಂದ ಇದೇ ನಾಳವನ್ನು ಮೊದಲೇ ತೆಗೆದಿರುತ್ತಾರೆ. ಹೃದಯ, ಕಾಲು ಎರಡೂ ಕಟ್ಟುವುದು ಹೆಚ್ಚಾಗಿ ಒಂದೇ ಜನರಿಗೆ. ಹತ್ತು ವರ್ಷದ ಮೇಲೆ ಕಾಲಿಗೆ ಬೇಕೆಂದಾಗ ಅಲ್ಲಿ ಗಾಯದ ಗೆರೆ ಮಾತ್ರ ಇರುತ್ತದೆ.

ನಾಳ ಚೆನ್ನಾಗಿದ್ದರೂ ಅದು ಹೋಗಿ ಸೇರುವ ಕೆಳಗಿನ ಅಪಧಮನಿ ಚೆನ್ನಾಗಿರಬೇಕು. ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮುಖ್ಯ ಕಾಲುವೆ ಎಷ್ಟು ತುಂಬಿ ಹರಿದರೂ ವಿತರಣಾ ನಾಲೆಗಳು ಹೂಳು ತುಂಬಿದ್ದರೆ ಗದ್ದೆಗೆ ನೀರಿಲ್ಲ. ಬೀಡಿ ಸೇದುವ ಮೂವತ್ತು–ನಲವತ್ತರ ಗಂಡಸರಿಗೆ ಬರುವ ಬರ್ಗರ್ ಕಾಯಿಲೆಯ ಕಷ್ಟ ಇದೇ. ಅದು ಪಾದದ ಹತ್ತಿರದ ಸಣ್ಣ ನಾಳಗಳನ್ನೇ ಮುಚ್ಚುವುದರಿಂದ ಎಷ್ಟೋ ಸಲ ಬೈಪಾಸ್ ಹೊಲಿಯಲು ಜಾಗವೇ ಸಿಗುವುದಿಲ್ಲ. ಅಲ್ಲಿ ಕಾಲು ಉಳಿಸುವ ಮೊದಲ ಚಿಕಿತ್ಸೆ ತಂಬಾಕನ್ನು ಪೂರ್ತಿ ಬಿಡುವುದು, ದಿನಕ್ಕೆ ಎರಡು ಬೀಡಿಗೆ ಇಳಿಸುವುದಲ್ಲ.

ಸಕ್ಕರೆ ಕಾಯಿಲೆಯವರ ನಾಳಗಳೂ ಮಂಡಿಯ ಕೆಳಗೇ ಹೆಚ್ಚು ಕಟ್ಟುತ್ತವೆ. ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇವರಲ್ಲಿ ಅನೇಕರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆಯಾಗಿರುವುದರಿಂದ ನೋವೇ ಬಾರದೆ ಗಾಯ ಕೊಳೆಯುತ್ತದೆ. ವಾಸನೆ ಬಂದಾಗ, ಬೆರಳು ಕಪ್ಪಾದಾಗ ಆಸ್ಪತ್ರೆಗೆ ಬರುತ್ತಾರೆ. ಅಷ್ಟು ತಡವಾಗಿ ಬಂದ ಕಾಲಿಗೆ ಜಗತ್ತಿನ ಅತ್ಯುತ್ತಮ ಕೈ ಹೊಲಿದರೂ ಫಲಿತಾಂಶ ಅರ್ಧಂಬರ್ಧ. ಆದರೆ ಪತ್ತೆಯ ವಿಧಾನ ಅಗ್ಗದ್ದು. ಕಾಲಿನ ಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದು ತಿಳಿಯಬೇಕು. ಸಕ್ಕರೆಯವರಲ್ಲಿ ಗಟ್ಟಿಯಾದ ನಾಳಗಳು ಸುಳ್ಳು ಲೆಕ್ಕ ಕೊಡುವುದುಂಟು, ಆಗ ಹೆಬ್ಬೆರಳಿನ ಒತ್ತಡ ನೋಡುತ್ತಾರೆ. ಪ್ರತಿ ಭೇಟಿಯಲ್ಲೂ ಸಕ್ಕರೆಯ ಅಂಕಿ ನೋಡುವ ವೈದ್ಯರು ವರ್ಷಕ್ಕೊಮ್ಮೆಯಾದರೂ ಚಪ್ಪಲಿ, ಸಾಕ್ಸು ಬಿಚ್ಚಿಸಿ ಪಾದದ ನಾಡಿ ಮುಟ್ಟಿ ನೋಡಿದರೆ ಎಷ್ಟೋ ಬೈಪಾಸ್‌ಗಳ ಅಗತ್ಯವೇ ಬೀಳದು.

ಆಪರೇಷನ್ ಆದ ಮೇಲಿನ ಭಾಗವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಗುಟ್ಟೇನೂ ಇಲ್ಲ. ಬೈಪಾಸ್ ಆದ ಮೇಲೂ ಧೂಮಪಾನ ಮುಂದುವರಿಸಿದವರ ಗ್ರಾಫ್ಟ್ ಸೋಲುವ ಅಪಾಯ ಸುಮಾರು ಮೂರು ಪಟ್ಟು. ಆಸ್ಪಿರಿನ್, ಸ್ಟ್ಯಾಟಿನ್ ನಿಲ್ಲಿಸುವಂತಿಲ್ಲ. 2020ರಲ್ಲಿ ಪ್ರಕಟವಾದ 6564 ರೋಗಿಗಳ ಪ್ರಯೋಗವೊಂದು ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ರಿವರೊಕ್ಸಬಾನ್ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಕಾಲು ಮತ್ತು ಹೃದಯದ ದೊಡ್ಡ ಅವಘಡಗಳು ಮೂರು ವರ್ಷದಲ್ಲಿ ನೂರಕ್ಕೆ 19.9ರಿಂದ 17.3ಕ್ಕೆ ಇಳಿದದ್ದನ್ನು ತೋರಿಸಿತು. ಲಾಭ ಸಣ್ಣದು, ರಕ್ತಸ್ರಾವದ ಅಪಾಯವೂ ಜೊತೆಗಿದೆ. ವೈದ್ಯರು ತೂಗಿ ಕೊಡುವ ಔಷಧಿ ಅದು. ಅಭಿಧಮನಿಯ ಗ್ರಾಫ್ಟ್ ಮೊದಲ ಒಂದೆರಡು ವರ್ಷದಲ್ಲಿ ಒಳಗೆ ದಪ್ಪಗಾಗಿ ಕಿರಿದಾಗುವುದು ಹೆಚ್ಚು. ಮುಚ್ಚುವ ಮೊದಲೇ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಕಂಡರೆ ಬಲೂನಿನಿಂದ ಉಳಿಸಬಹುದು, ಪೂರ್ತಿ ಮುಚ್ಚಿದ ಮೇಲೆ ಉಳಿಸುವುದು ಕಷ್ಟ. ನೋವಿಲ್ಲವಲ್ಲ ಎಂದು ತಪಾಸಣೆ ತಪ್ಪಿಸುವವರು ಕಳೆದುಕೊಳ್ಳುವುದು ಈ ಅವಕಾಶವನ್ನು.

ನಮ್ಮ ಆಸ್ಪತ್ರೆಗಳು ಎಷ್ಟು ಬೈಪಾಸ್ ಮಾಡಿದೆವು ಎಂದು ಜಾಹೀರಾತು ಕೊಡುತ್ತವೆ. ವರ್ಷದ ಮೇಲೆ ಅವರಲ್ಲಿ ಎಷ್ಟು ಜನ ನಡೆಯುತ್ತಿದ್ದಾರೆ, ಎಷ್ಟು ಗಾಯ ಮುಚ್ಚಿದೆ, ಎಷ್ಟು ಜನ ಮತ್ತೆ ದಾಖಲಾದರು ಎಂಬುದನ್ನೂ ಪ್ರಕಟಿಸಲಿ. ಸಾರ್ವಜನಿಕ ಹಣದಿಂದ ಚಿಕಿತ್ಸೆಗೆ ಪಾವತಿಸುವ ಸರ್ಕಾರಕ್ಕೆ ಈ ಲೆಕ್ಕ ಕೇಳುವ ಹಕ್ಕಿದೆ.

ಓದುಗರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಮನೆಯಲ್ಲಿ ಯಾರದಾದರೂ ಕಾಲು ತೆಗೆಯಬೇಕೆಂದು ಹೇಳಿದ್ದರೆ, ಸೋಂಕು ಮೈಗೇರಿ ಪ್ರಾಣಾಪಾಯವಾಗಿ ತಕ್ಷಣ ಮಾಡಲೇಬೇಕಾದ ಸಂದರ್ಭವನ್ನು ಬಿಟ್ಟು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ರಕ್ತನಾಳ ತಜ್ಞರೊಬ್ಬರಿಗೆ ಆ ಕಾಲು ತೋರಿಸಿ. ಕಾಲಿನಲ್ಲಿ ಬಳಸಬಹುದಾದ ಅಭಿಧಮನಿ ಇದೆಯೇ ಎಂದು ಕೇಳಿ. ರಕ್ತ ಹರಿದ ಮೇಲೆ ಇವರು ನಡೆಯುತ್ತಾರೆಯೇ ಎಂದೂ ಕೇಳಿ.